20 ಸೆಂ.ಮೀ. ಅಗಲದ ಕಾರ್ವಿಂಗ್ ಸ್ನೋಬೋರ್ಡಿಗೆ ಹಾರ್ಡ್ ಬೂಟು, ಸ್ಟೆಪ್-ಇನ್ ಬೈಂಡಿಂಗ್ ಕೂರಿಸುವ ಕೆಲಸ

ಬೋರ್ಡಿನ ಉದ್ದ 164 ಸೆಂ.ಮೀ., ನಡುವಿನ ಅಗಲ 200 ಮಿ.ಮೀ., ಅಂಚಿನ ವಕ್ರತೆಯ ತ್ರಿಜ್ಯ 12 ಮೀಟರ್. ಸವಾರರ ಪಾದ 266 ಮಿ.ಮೀ., ತೊಡೆಸಂದಿಯಿಂದ ನೆಲದವರೆಗೆ ಕಾಲಿನ ಒಳಅಳತೆ 80 ಸೆಂ.ಮೀ. ಈ ಲೆಕ್ಕಕ್ಕೆ ಹೊಂದುವ ಬೂಟು ಆರಿಸಿ, ಅದಕ್ಕೆ ಇಂಟೆಕ್ ಹಿಮ್ಮಡಿ (ಬೂಟಿನಡಿ ಹಿಂದುಗಡೆ ಸ್ಕ್ರೂ ಹಾಕಿ ಕೂರಿಸುವ, ಪಿನ್ನುಗಳಿರುವ ಭಾಗ) ಹಾಕಿ, ತುಳಿದರೆ ತಾನೇ ಬೂಟು ಹಿಡಿಯುವ ಸ್ಟೆಪ್-ಇನ್ ಬೈಂಡಿಂಗನ್ನು ಬೋರ್ಡಿಗೆ ಬಿಗಿಯುವವರೆಗಿನ ಕೆಲಸ ಇಲ್ಲಿದೆ. ಯಂತ್ರದಿಂದ ಬಾಚಿ ಗಟ್ಟಿ ಮಾಡಿದ ಇಳಿಜಾರಿಗೆ ಮಾತ್ರ ಇದು. ಗುಲ್ಮಾರ್ಗ್‌ನ ಆಳವಾದ ಪುಡಿಹಿಮಕ್ಕೆ ಹೋಗುವವರು ಸಾಫ್ಟ್ ಬೂಟಿನಲ್ಲೇ ಇರುವುದು ಒಳ್ಳೆಯದು.

ಕೊಳ್ಳುವ ಕ್ರಮ ಹೀಗೆ: ಮೊದಲು ಬೂಟು, ಆಮೇಲೆ ಆ ಬೂಟಿಗೇ ಕೂರುವ ಹಿಮ್ಮಡಿ, ಕೊನೆಗೆ ಆ ಹಿಮ್ಮಡಿಯನ್ನು ಹಿಡಿಯುವ ಬೈಂಡಿಂಗ್. ಅಗ್ಗಕ್ಕೆ ಸಿಕ್ಕಿತೆಂದು ಬೈಂಡಿಂಗ್ ಮೊದಲು ತಂದವರು ಕೊನೆಗೆ ಬೂಟನ್ನೂ ಅದರ ದಾಕ್ಷಿಣ್ಯಕ್ಕೆ ಕೊಳ್ಳಬೇಕಾಗುತ್ತದೆ. ಸ್ಟೆಪ್-ಇನ್‌ನಲ್ಲಿ ಬೂಟಿನ ಹಿಂಬದಿಯನ್ನು ಹಿಡಿದಿಡುವುದು ಹಿಮ್ಮಡಿಯ ಎರಡು ಪಕ್ಕಕ್ಕೆ ಚಾಚುವ ಎರಡು ಉಕ್ಕಿನ ಪಿನ್ನುಗಳು. ಬೂಟು, ಹಿಮ್ಮಡಿ, ಬೈಂಡಿಂಗ್ ಮೂರರಲ್ಲಿ ಒಂದು ಹೊಂದದಿದ್ದರೂ ಪಿನ್ನು ಅರ್ಧ ಕೂರುತ್ತದೆ. ಅರ್ಧ ಕೂತ ಪಿನ್ನು ಪೂರ್ತಿ ಕೂತಂತೆಯೇ ಕಾಣುತ್ತದೆ, ಅಪಾಯ ಇರುವುದು ಅಲ್ಲೇ. ಇನ್ನೊಂದು ವಿಷಯ ಮೊದಲೇ ತಿಳಿದಿರಲಿ: ಸ್ಕೀ ಬೈಂಡಿಂಗ್ ಬಿದ್ದಾಗ ತಾನೇ ಬಿಚ್ಚಿಕೊಳ್ಳುತ್ತದೆ, ಇದು ಬಿಚ್ಚಿಕೊಳ್ಳುವುದಿಲ್ಲ. ಎರಡೂ ಕಾಲು ಬೋರ್ಡಿಗೆ ಕಟ್ಟಿಕೊಂಡೇ ಇರಬೇಕು. ಒಂದು ಕಾಲು ಮಾತ್ರ ಕಳಚಿದರೆ ಇನ್ನೊಂದು ಮೊಣಕಾಲಿನ ಗತಿ ಕೆಟ್ಟಂತೆ.

ಶೆಲ್ ಅಳತೆ

ಹಾರ್ಡ್ ಬೂಟಿನ ಸಂಖ್ಯೆ ಮೊಂಡೋ ಲೆಕ್ಕದ್ದು, ಅಂದರೆ ಪಾದದ ಉದ್ದ ಸೆಂಟಿಮೀಟರಿನಲ್ಲಿ. 266 ಮಿ.ಮೀ. ಪಾದಕ್ಕೆ 26.5 ಅಥವಾ 27. ಸಾಮಾನ್ಯವಾಗಿ ಶೆಲ್, ಅಂದರೆ ಹೊರಗಿನ ಗಟ್ಟಿ ಪ್ಲಾಸ್ಟಿಕ್ ಕವಚ, ಅರ್ಧ ಸಂಖ್ಯೆಗೆ ಬೇರೆಯಾಗುವುದಿಲ್ಲ. ಒಳಗಿನ ಮೆತ್ತನೆಯ ಲೈನರ್ ಅಥವಾ ಅಡಿಹಾಳೆಯನ್ನಷ್ಟೇ ಬದಲಿಸಿರುತ್ತಾರೆ. ಹಾಗಾಗಿ ಡಬ್ಬದ ಮೇಲಿನ ಸಂಖ್ಯೆ ನಂಬದೆ ಲೈನರ್ ಹೊರಗೆಳೆದು, ಬರಿಗಾಲನ್ನು ಖಾಲಿ ಶೆಲ್‌ನಲ್ಲಿಟ್ಟು, ಬೆರಳ ತುದಿ ಮುಂದಿನ ಗೋಡೆಗೆ ಮೃದುವಾಗಿ ತಗುಲುವಂತೆ ನಿಂತು ಹಿಮ್ಮಡಿಯ ಹಿಂದಿನ ಜಾಗ ಅಳೆಯಬೇಕು. 15 ಮಿ.ಮೀ. ದಪ್ಪದ ಮರದ ಕಡ್ಡಿ ಸಲೀಸಾಗಿ ಇಳಿದು 20 ಮಿ.ಮೀ. ಕಡ್ಡಿ ಇಳಿಯದಿದ್ದರೆ ದಿನವಿಡೀ ಹಾಕುವ ಬೂಟಿಗೆ ಸರಿ. ರೇಸಿನವರು 10 ಮಿ.ಮೀ.ಗೂ ಇಳಿಯುತ್ತಾರೆ. 20 ಮಿ.ಮೀ. ಮೀರಿದರೆ ಆ ಶೆಲ್ ದೊಡ್ಡದು, ದಪ್ಪ ಕಾಲುಚೀಲ ಹಾಕಿದರೂ ಪ್ರಯೋಜನವಿಲ್ಲ. ಹಿಮ್ಮಡಿ ಒಳಗೆ 5 ಮಿ.ಮೀ. ಎದ್ದರೂ ಬೆರಳ ಬದಿಯ ತಿರುವಿನಲ್ಲಿ ಬೋರ್ಡು ಅಂಚಿಗೆ ಬರುವುದು ಅಷ್ಟು ತಡವಾಗುತ್ತದೆ, ಮೀನಖಂಡವೂ ಸುಮ್ಮನೆ ದಣಿಯುತ್ತದೆ.

ಅಗಲವನ್ನೂ ಈಗಲೇ ನೋಡಿಕೊಳ್ಳಬೇಕು. ಬರಿಗಾಲಿನಲ್ಲೇ ಕಿರುಬೆರಳ ಬುಡ ಶೆಲ್‌ಗೆ ಒತ್ತಿದರೆ ಅಲ್ಲಿ ಬಿಸಿ ಮಾಡಿ ಉಬ್ಬಿಸಬೇಕಾಗುತ್ತದೆ. ಒಳಗಣಕಾಲಿನ ಮೂಳೆ, ಕಿರುಬೆರಳ ಬುಡ, ಪಾದದ ಹೊರಬದಿಯ ನಡುಮೂಳೆ, ಈ ಮೂರು ಕಡೆ ಉಬ್ಬಿಸುವುದು ಸ್ಕೀ ಬೂಟು ಅಂಗಡಿಯ ಮಾಮೂಲಿ ಕೆಲಸ. ಉದ್ದ ಮಾತ್ರ ಹೀಗೆ ಸರಿಯಾಗುವಂಥದ್ದಲ್ಲ.

ಒಂದೇ ಸಂಖ್ಯೆಯ ಎರಡು ಕಂಪನಿಯ ಬೂಟಿನಲ್ಲಿ ಅಡಿಭಾಗದ ಹೊರ ಉದ್ದ ಬೇರೆ ಇರುತ್ತದೆ. ಶೆಲ್‌ನ ಹಿಮ್ಮಡಿಯ ಪಕ್ಕದಲ್ಲಿ ಅದನ್ನು ಮಿ.ಮೀ.ನಲ್ಲಿ ಅಚ್ಚು ಹಾಕಿರುತ್ತಾರೆ. ಬೋರ್ಡಿಗೆ ಬೇಕಾದದ್ದು ಆ ಸಂಖ್ಯೆ. ಯುಪಿಝಡ್ ಬೂಟುಗಳಿಗೆ ಹೆಸರು ಬಂದದ್ದೇ ಅಡಿ ಗಿಡ್ಡ ಎಂಬ ಕಾರಣಕ್ಕೆ. ಡೀಲಕ್ಸ್, ಅದರ ಹಿಂದಿನ ರೈಕ್ಲೆ ಬೂಟುಗಳು ತುಸು ಉದ್ದ, ಆದರೆ ಬಾಗು ಮೃದು, ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಇಲ್ಲಿ ಹಿಡಿದಿರುವ ಬೂಟಿನ ಅಡಿ 305 ಮಿ.ಮೀ.

ಮನೆಯಲ್ಲಿ ಹಳೆ ಸ್ಕೀ ಬೂಟಿದೆ, ಅದನ್ನೇ ಹಾಕಬಹುದೇ ಎಂದು ಕೇಳುವವರು ಬಹಳ. ಬೂಟಿನ ತುದಿಯನ್ನೂ ಹಿಮ್ಮಡಿಯನ್ನೂ ಬಾಗಿದ ಲೋಹದ ಕಂಬಿಯಿಂದ ಹಿಡಿಯುವ ಸಾದಾ ಬೈಂಡಿಂಗಿಗೆ ಅದು ಹೇಗೋ ಕೂತೀತು. ಸ್ಟೆಪ್-ಇನ್‌ಗೆ ಆಗದು, ಏಕೆಂದರೆ ಇಂಟೆಕ್ ಹಿಮ್ಮಡಿ ಕೂರಲು ಅದರಲ್ಲಿ ಜಾಗವೇ ಇಲ್ಲ. ಸ್ಕೀ ಬೂಟಿನ ಹಿಮ್ಮಡಿ ಹಿಂದಕ್ಕೆ ಚಾಚಿರುವುದರಿಂದ ಕಿರಿದಾದ ಬೋರ್ಡಿನಲ್ಲಿ ಹೊರಗೂ ನಿಲ್ಲುತ್ತದೆ. ನಡೆಯಲು ಅನುಕೂಲವಾಗಲೆಂದು ಅಡಿಯನ್ನು ಬಾಗಿಸಿರುವ ಹೊಸ ಸ್ಕೀ ಬೂಟುಗಳು ಕಂಬಿಯಲ್ಲೂ ಸಮನಾಗಿ ಕೂರುವುದಿಲ್ಲ.

ಹಳೆಯ ಶೆಲ್ ಕೊಳ್ಳುವಾಗ

ಜ್ಯೂರಿಚ್, ಮ್ಯೂನಿಕ್, ಡೆನ್ವರ್ ಕಡೆ ಇರುವ ಕನ್ನಡಿಗರಿಗೆ ಹಾರ್ಡ್ ಬೂಟು ಹೆಚ್ಚಾಗಿ ಸಿಗುವುದು ಸೆಕೆಂಡ್ ಹ್ಯಾಂಡಿನಲ್ಲೇ. ಶೆಲ್‌ನ ಪಾಲಿಯುರೆಥೇನ್ ಪ್ಲಾಸ್ಟಿಕ್ ಬಳಸದೆ ಇಟ್ಟರೂ ಗಾಳಿಯ ತೇವಕ್ಕೆ ವರ್ಷಗಟ್ಟಲೆ ಒಳಗೊಳಗೇ ಸಾಯುತ್ತದೆ. ಹೊರಗೆ ಮಿರುಗುವ ಬೂಟು ಚಳಿಯಲ್ಲಿ ಒಂದೇ ಬಾಗಿಗೆ ಒಡೆದುಹೋದೀತು. ಬಕಲಿನ ರಿವೆಟ್ ಸುತ್ತ, ಕಣಕಾಲಿನ ಕೀಲಿನ ಬೋಲ್ಟ್ ಸುತ್ತ, ಹಿಮ್ಮಡಿ ಸ್ಕ್ರೂಗಳ ಸುತ್ತ ಟಾರ್ಚ್ ಹಿಡಿದು ಕೂದಲೆಳೆಯ ಬಿರುಕು ಹುಡುಕಿ. ಮುಟ್ಟಿದರೆ ಅಂಟಂಟು, ಉಜ್ಜಿದರೆ ಪುಡಿ ಎಂದಾದರೆ ಕೈಬಿಡಿ. ಹತ್ತು ವರ್ಷ ದಾಟಿದ ಶೆಲ್ ಎಷ್ಟೇ ಅಗ್ಗವಾದರೂ ಅದರ ಮೇಲೆ ಹೊಸ ಹಿಮ್ಮಡಿಯ ಖರ್ಚು ಹಾಕುವುದು ದಂಡ.

ಬೂಟಿನ ಮುಂತುದಿಯ ತುಟಿಯನ್ನೂ ಕ್ಯಾಲಿಪರ್ ಹಿಡಿದು ನೋಡಬೇಕು. ಸ್ಕೀ ಬೂಟಿನ ಅಳತೆಯಂತೆ ಇದರ ದಪ್ಪ ಸುಮಾರು 19 ಮಿ.ಮೀ., ಅಗಲ ಸುಮಾರು 70 ಮಿ.ಮೀ. ಪಾರ್ಕಿಂಗ್ ಜಾಗದ ಕಾಂಕ್ರೀಟಿನ ಮೇಲೆ ನಡೆದು ನಡೆದು ಅಡಿ ಸವೆದು ದಪ್ಪ 17 ಆಗಿದ್ದರೆ, ಮುಂದಿನ ಕಂಬಿ ಎಷ್ಟೇ ಹೊಂದಿಸಿದರೂ ಲೊಡಲೊಡ ಎನ್ನುತ್ತದೆ.

ಕೋನದ ಲೆಕ್ಕ

ಬೂಟು ಬೋರ್ಡಿನ ಅಗಲದಲ್ಲಿ ಆವರಿಸುವ ಜಾಗ = ಅಡಿಯ ಉದ್ದ × ಕೋನದ ಕೊಸೈನ್ + ತುಟಿಯ ಅಗಲ × ಕೋನದ ಸೈನ್. ಕೋನವನ್ನು ಬೋರ್ಡಿಗೆ ಅಡ್ಡಗೆರೆಯಿಂದ ಅಳೆಯುವುದು. 305 ಮಿ.ಮೀ. ಅಡಿ, 70 ಮಿ.ಮೀ. ತುಟಿ ಇಟ್ಟುಕೊಂಡರೆ 55 ಡಿಗ್ರಿಗೆ 232 ಮಿ.ಮೀ., 60ಕ್ಕೆ 213, 61ಕ್ಕೆ 209, 63ಕ್ಕೆ 201. ತುದಿ ದುಂಡಗಿರುವುದರಿಂದ ನಿಜದಲ್ಲಿ ಇದಕ್ಕಿಂತ ತುಸು ಕಡಿಮೆಯೇ ಬರುತ್ತದೆ. ಬೈಂಡಿಂಗ್ ಇರುವ ಜಾಗದಲ್ಲಿ ಬೋರ್ಡು ನಡುವಿಗಿಂತ ಅಗಲ. 12 ಮೀಟರ್ ತ್ರಿಜ್ಯಕ್ಕೆ ನಡುವಿನಿಂದ 240 ಮಿ.ಮೀ. ದೂರದಲ್ಲಿ ಪಕ್ಕಕ್ಕೆ 2.4 ಮಿ.ಮೀ.ನಂತೆ ಸೇರಿ 205 ಮಿ.ಮೀ. ಆಗುತ್ತದೆ. ಹೀಗಾಗಿ ಮುಂದಿನ ಕಾಲು 63, ಹಿಂದಿನದು 61.

ಹೊರಚಾಚು ಏಕೆ ಕೆಡುಕು ಎನ್ನುವುದನ್ನೂ ಅಂಕಿಯಲ್ಲಿ ನೋಡಬಹುದು. ಬೋರ್ಡಿನ ತಳದಿಂದ ಬೂಟಿನ ಅಡಿಗೆ ಸುಮಾರು 40 ಮಿ.ಮೀ. ಎತ್ತರ ಇದೆ ಎನ್ನೋಣ. 55 ಡಿಗ್ರಿಯಲ್ಲಿ ಪಕ್ಕಕ್ಕೆ 13.5 ಮಿ.ಮೀ. ಬೂಟು ಹೊರಗಿರುತ್ತದೆ. ಬೋರ್ಡು 71 ಡಿಗ್ರಿ ವಾಲಿದಾಗ ಬೂಟು ನೆಲ ಮುಟ್ಟುತ್ತದೆ. ಅದು ಸಾಣೆ ಹಿಡಿದ ಮಂಜುಗಡ್ಡೆಯಂಥ ನೆಲದ ಲೆಕ್ಕ. ನಿಜದ ಹಿಮದಲ್ಲಿ ಅಂಚು 10–15 ಮಿ.ಮೀ. ಒಳಗೆ ಕೊರೆದುಕೊಂಡು ಹೋಗುವುದರಿಂದ ಅದಕ್ಕೂ ಎಷ್ಟೋ ಮೊದಲೇ ಬೂಟು ತಗುಲಿ, ಅಂಚು ಹಿಮದಿಂದ ಎದ್ದು, ಸವಾರ ಬೆನ್ನ ಮೇಲೆ ಜಾರುತ್ತಾನೆ. ಒಂದು ಡಿಗ್ರಿ ಏರಿಸಿದರೆ ಸುಮಾರು 4 ಮಿ.ಮೀ. ಉಳಿತಾಯ. ಅಡಿ 10 ಮಿ.ಮೀ. ಗಿಡ್ಡವಾದ ಬೂಟು ಕೊಂಡರೆ ಸಿಗುವುದು ಸುಮಾರು ಒಂದೂಕಾಲು ಡಿಗ್ರಿ ಅಷ್ಟೇ. ಗಿಡ್ಡ ಅಡಿಗಾಗಿ ಕಾಲಿಗೆ ಹೊಂದದ ಬೂಟು ಕೊಳ್ಳುವವರು ಈ ಅಂಕಿ ನೋಡಿಕೊಳ್ಳಲಿ.

ಅತ್ತ ಕಡೆಯ ತಪ್ಪೂ ಉಂಟು. ಹೊರಚಾಚು ಬೇಡವೆಂದು 68 ಡಿಗ್ರಿ ಇಟ್ಟರೆ ಬೂಟಿನ ತುದಿ ಅಂಚಿಗಿಂತ ತೀರಾ ಒಳಗಾಗಿ, ಅಂಚಿಗೆ ಒತ್ತಡ ತಲುಪಿಸಲು ಸೊಂಟ, ಮೊಣಕಾಲನ್ನೆಲ್ಲ ತಿರುಚಬೇಕಾಗುತ್ತದೆ. ತುದಿಯೂ ಹಿಮ್ಮಡಿಯೂ ಅಂಚಿನ ನೇರಕ್ಕೆ, ಅಥವಾ 2–3 ಮಿ.ಮೀ. ಒಳಗೆ ಇರುವುದೇ ಹದ.

ಹಿಮ್ಮಡಿ, ಕೇಬಲ್

ಇಂಟೆಕ್ ಹಿಮ್ಮಡಿಯ ಒಳಗೆ ಸ್ಪ್ರಿಂಗ್, ಎರಡು ಪಕ್ಕಕ್ಕೂ ಪಿನ್ನು. ಬಾಗಿಲು ಎಳೆದರೆ ತಾನೇ ಬೀಳುವ ಚಿಲಕದಂತೆ, ಹಿಮ್ಮಡಿ ಕೆಳಗೊತ್ತಿದಾಗ ಬೈಂಡಿಂಗಿನ ಇಳಿಜಾರು ಗೋಡೆ ಪಿನ್ನನ್ನು ಒಳಗೆ ತಳ್ಳುತ್ತದೆ, ರಂಧ್ರ ಎದುರಾದ ಕೂಡಲೇ ಪಿನ್ನು ಹೊರಗೆ ಹಾರುತ್ತದೆ. ಬಿಚ್ಚಲು ಒಂದು ಕೇಬಲ್ ಎರಡೂ ಪಿನ್ನನ್ನು ಒಟ್ಟಿಗೆ ಒಳಗೆಳೆಯುತ್ತದೆ. ಅದರ ಹಿಡಿ ಮೊಣಕಾಲಿನ ಹತ್ತಿರ ಬಂದು ನಿಲ್ಲುತ್ತದೆ. ಬಾಂಬರ್ ಕಂಪನಿಯ ಫಿನ್‌ಟೆಕ್ ಹಿಮ್ಮಡಿಯೂ ಬೈಂಡಿಂಗಿನ ಇದೇ ಅಳತೆಯ ಹಿಂದಿನ ಗೂಡಿಗೆ ಕೂರುತ್ತದೆ.

ಡೀಲಕ್ಸ್‌ನ ಹಿಮ್ಮಡಿ ಯುಪಿಝಡ್‌ಗೆ ಕೂರುವುದಿಲ್ಲ. ಸ್ಕ್ರೂ ರಂಧ್ರಗಳ ಜಾಗವೇ ಬೇರೆ. ಕೊಳ್ಳುವಾಗ ಬೂಟಿನ ಮಾದರಿ, ಶೆಲ್ ಸಂಖ್ಯೆ ಎರಡನ್ನೂ ಹೇಳಿ ಕೇಳಬೇಕು.

ಬದಲಿಸುವಾಗ ಲೈನರ್ ಹೊರತೆಗೆದು, ಹಳೆ ಹಿಮ್ಮಡಿಯ ಸ್ಕ್ರೂ ಬಿಚ್ಚಿ, ಯಾವುದು ಉದ್ದ ಯಾವುದು ಗಿಡ್ಡ ಎಂದು ಜಾಗಕ್ಕೆ ತಕ್ಕಂತೆ ರಟ್ಟಿನಲ್ಲಿ ಚುಚ್ಚಿಟ್ಟುಕೊಳ್ಳಿ. ಉದ್ದದ್ದು ತಪ್ಪು ಜಾಗಕ್ಕೆ ಹೋದರೆ ಶೆಲ್ ಒಳಗೆ ತುದಿ ಮೂಡಿ ಹಿಮ್ಮಡಿಗೆ ಚುಚ್ಚುತ್ತದೆ. ಕೇಬಲ್ಲನ್ನು ಮೊದಲು ಅದರ ದಾರಿಯಲ್ಲಿ ತೂರಿಸಿ, ಆಮೇಲೆ ಹಿಮ್ಮಡಿ ಕೂರಿಸಿ. ಹಿಮ್ಮಡಿ ಬಿಗಿದ ಮೇಲೆ ತೂರಿಸಲು ಹೋದರೆ ಕೇಬಲ್ ಬುಡದಲ್ಲೇ ಮಡಿಸಿಕೊಳ್ಳುತ್ತದೆ. ಆ ಮಡಿಕೆಯಲ್ಲೇ ಮುಂದೆ ಎಳೆ ಎಳೆಯಾಗಿ ಬಿಡುತ್ತದೆ. ಸ್ಕ್ರೂಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯಬೇಕು.

ಕೇಬಲ್ ಶೆಲ್ ಮತ್ತು ಲೈನರ್ ನಡುವೆ ಮೇಲೇರಿ ಕಫ್‌ನ (ಕಣಕಾಲಿನ ಮೇಲೆ ಸುತ್ತುವ ಭಾಗದ) ಬಾಯಿಂದ ಹೊರಬರುತ್ತದೆ. ಅಲ್ಲಿ ಎಷ್ಟು ಸಡಿಲ ಬಿಡಬೇಕೆಂಬುದು ಅಂದಾಜಿನ ಮಾತಲ್ಲ. ಬೂಟು ಹಾಕಿ, ಬಕಲ್ ಬಿಗಿದು, ಮೊಣಕಾಲು ಪೂರ್ತಿ ಮುಂದಕ್ಕೆ ಬಗ್ಗಿಸಿ, ಇನ್ನೊಬ್ಬರಿಂದ ಪಿನ್ನು ಗಮನಿಸಿಸಿ. ಬಗ್ಗಿದಾಗ ಪಿನ್ನು ಒಂದು ಮಿ.ಮೀ. ಒಳಗೆ ಸರಿದರೂ ಕೇಬಲ್ ಗಿಡ್ಡವಾಗಿದೆ ಎಂದರ್ಥ. ಇಳಿಜಾರಿನಲ್ಲಿ ಆಳವಾಗಿ ಕೂತಾಗ ಬೂಟು ತನ್ನಷ್ಟಕ್ಕೇ ಬಿಚ್ಚಿಕೊಳ್ಳಲು ಅಷ್ಟು ಸಾಕು. ಪ್ಯಾಂಟಿನ ಒಳಗವಸಿನ ಎಲಾಸ್ಟಿಕ್ ಕೇಬಲ್ಲನ್ನು ಎಳೆದು ಹಿಡಿದಿದ್ದರೂ ಇದೇ ಆಗುತ್ತದೆ. ಹಿಡಿ ಹೊರಗೆ ನೇತಾಡುವುದೂ ಬೇಡ, ಕುರ್ಚಿ ಲಿಫ್ಟಿನ ಯಾವುದೋ ತುದಿಗೆ ಸಿಕ್ಕಿಕೊಂಡೀತು. ಪ್ಯಾಂಟಿನ ಪಕ್ಕದ ಜಿಪ್ಪಿನೊಳಗೆ ವೆಲ್ಕ್ರೋದಲ್ಲಿ ಅಂಟಿಸಿದರೆ ಸಾಕು.

ಲೈನರ್

ಬಿಸಿಗೆ ಹದವಾಗುವ ಲೈನರ್ ಆದರೆ ತಯಾರಕರು ಹೇಳಿದ ಬಿಸಿಯೇ ಪ್ರಮಾಣ. ಬಹುಪಾಲು 115ರಿಂದ 120°C, 8ರಿಂದ 10 ನಿಮಿಷ. ಬೆರಳ ಮೇಲೆ ಫೋಮಿನ ಟೋಪಿ, ಅದರ ಮೇಲೆ ತೆಳು ನೈಲಾನ್ ಕಾಲುಚೀಲ ಹಾಕಿ, ಬಿಸಿ ಲೈನರ್ ತೊಟ್ಟು, ಶೆಲ್‌ಗಿಳಿದು, ಹಿಮ್ಮಡಿ ನೆಲಕ್ಕೆ ಕುಟ್ಟಿ, ಬಕಲ್ ಹಗುರಾಗಿ ಹಾಕಿ ಹತ್ತು ನಿಮಿಷ ಅಲ್ಲಾಡದೆ ನಿಲ್ಲಿ. ಕೇಬಲ್ ಹಿಮ್ಮಡಿಗೆ ಜೋಡಿಸಿದ ಮೇಲೆಯೇ ಇದನ್ನು ಮಾಡಬೇಕು. ಆಗ ಕೇಬಲ್ಲಿಗೊಂದು ಗೆರೆ ಲೈನರಿನ ಹೊರಮೈಯಲ್ಲಿ ತಾನೇ ಮೂಡಿ, ಕಾಲಿಗೆ ಒತ್ತುವುದು ತಪ್ಪುತ್ತದೆ.

ಬೈಂಡಿಂಗ್ ಬಿಗಿಯುವುದು

ಎಫ್2 ಸ್ಟೆಪ್-ಇನ್ ಹಗುರ, ಸ್ವಲ್ಪ ಬಾಗುತ್ತದೆ. ಬಾಂಬರ್ ಟಿಡಿ3 ತೂಕದ ಲೋಹ, ಗಡಸು, ಆದರೆ ಅಡಿಯಲ್ಲಿ ರಬ್ಬರಿನಂಥ ಪ್ಯಾಡ್ ಇರುವುದರಿಂದ ಕಂಪನ ತಿನ್ನುತ್ತದೆ. ಸ್ಟೆಪ್-ಇನ್ ಹಿಮ್ಮಡಿಯೇ ಸಾದಾ ಕಂಬಿಗಿಂತ ಪಕ್ಕಕ್ಕೆ ಗಡಸು. ಅದರ ಮೇಲೆ ಗಡಸು ಬೈಂಡಿಂಗ್, ಗಡಸು ಬೂಟು ಮೂರೂ ಸೇರಿದರೆ ಹೊಸಬರಿಗೆ ಒಂದೊಂದು ಉಬ್ಬೂ ಮೊಣಕಾಲಿಗೇ ಬರುತ್ತದೆ. 70 ಕೆ.ಜಿ.ಯೊಳಗಿನವರಿಗೆ ಎಫ್2 ಬಗೆಯದೇ ಸಾಕು ಎನ್ನುವುದು ನಮ್ಮ ಅಭಿಪ್ರಾಯ.

ಎರಡು ಬೈಂಡಿಂಗಿನ ಮಧ್ಯದ ದೂರಕ್ಕೆ ಕಾಲಿನ ಒಳಅಳತೆಯ 0.6 ಪಾಲು ಒಳ್ಳೆಯ ಆರಂಭ: 80 × 0.6 = 48 ಸೆಂ.ಮೀ. ಓರೆಯ ಬಿಲ್ಲೆಗಳಲ್ಲಿ ಮುಂದಿನ ಕಾಲಿಗೆ ಬೆರಳ ತುದಿ 3 ಡಿಗ್ರಿ ಮೇಲೆ, ಹಿಂದಿನ ಕಾಲಿಗೆ ಹಿಮ್ಮಡಿ 3 ಡಿಗ್ರಿ ಮೇಲೆ. ಟಿಡಿ3ಯಲ್ಲಿ 0, 3, 6 ಡಿಗ್ರಿಯ ಬಿಲ್ಲೆಗಳಿವೆ, ಎಫ್2ರಲ್ಲಿ ಬೆಣೆಗಳು.

ಸ್ಕ್ರೂ ಎಂ6, ಬೋರ್ಡಿನ ಇನ್‌ಸರ್ಟ್‌ಗಳು (ಸ್ಕ್ರೂ ಕೂರುವ, ಒಳಗೆ ಹುದುಗಿಸಿದ ಲೋಹದ ರಂಧ್ರಗಳು) 4×4 ಸೆಂ.ಮೀ. ಅಥವಾ 4×2 ಸೆಂ.ಮೀ. ಜಾಲದಲ್ಲಿ. ಬೆಣೆ ಬದಲಾದಂತೆ ಸ್ಕ್ರೂ ಉದ್ದವೂ ಬದಲಾಗಬೇಕು. ಇದನ್ನು ಮರೆತಾಗಲೇ ಬೋರ್ಡು ಹಾಳಾಗುವುದು. ಕ್ಯಾಲಿಪರಿನ ಬಾಲದಿಂದ ಇನ್‌ಸರ್ಟಿನ ಆಳ ಅಳೆಯಿರಿ. 8 ಮಿ.ಮೀ. ಬಂದರೆ ಬೈಂಡಿಂಗಿನ ನಡುವಿನ ದುಂಡು ಡಿಸ್ಕಿನ ಕೆಳಗೆ ಸ್ಕ್ರೂ 6ರಿಂದ 7 ಮಿ.ಮೀ. ಇಣುಕಬೇಕು. ಎಂ6ರ ಮರೆ (ಸ್ಕ್ರೂವಿನ ಸುತ್ತುಗೆರೆ) 1 ಮಿ.ಮೀ.ಗೆ ಒಂದು, ಹಾಗಾಗಿ ಬಿಗಿಯುವಾಗ ಸುತ್ತು ಎಣಿಸಿದರೆ ಮಿ.ಮೀ. ಎಣಿಸಿದಂತೆ. ಆರು ಸುತ್ತಿಗಿಂತ ಕಡಿಮೆಗೆ ನಿಂತರೆ ಹಿಡಿತ ಸಾಲದು, ಎಳೆತಕ್ಕೆ ಮರೆ ಕಿತ್ತು ಬರುತ್ತದೆ. ಉದ್ದ ಹೆಚ್ಚಾದರೆ ತುದಿ ಇನ್‌ಸರ್ಟಿನ ತಳ ಮುಟ್ಟಿ, ಸ್ಕ್ರೂ ಬಿಗಿಯಾಗಿದೆ ಅನ್ನಿಸಿದರೂ ಬೈಂಡಿಂಗ್ ಅಲುಗುತ್ತದೆ. ಇನ್ನೂ ತಿರುಗಿಸಿದರೆ ಬೋರ್ಡಿನ ತಳ ಮೊಡವೆಯಂತೆ ಉಬ್ಬುತ್ತದೆ.

ಅಲನ್ ಕೀ 4 ಮಿ.ಮೀ.ದು, ಗಿಡ್ಡ ಕೈಯದಿರಲಿ. ಮರೆಗೆ ಹಾಕುವ ನೀಲಿ ಲಾಕ್‌ಟೈಟ್ ಪ್ಲಾಸ್ಟಿಕ್ಕಿಗೆ ತಗುಲಿದರೆ ಅದನ್ನು ಒಳಗಿಂದ ಬಿರುಕು ಬಿಡಿಸುತ್ತದೆ. ಪ್ಲಾಸ್ಟಿಕ್ ಭಾಗವಿರುವ ಬೈಂಡಿಂಗಿಗೆ ವೈಬ್ರಾ-ಟೈಟ್‌ನಂತೆ ಮೊದಲೇ ಹಚ್ಚಿ ಒಣಗಿಸಿಕೊಳ್ಳುವ ಲೇಪವೇ ಸರಿ.

ಉದ್ದ ಹೊಂದಿಸುವುದು

ಇಡೀ ಕೆಲಸದಲ್ಲಿ ಅವಸರ ಸಲ್ಲದ ಘಟ್ಟ ಇದು. ಬೂಟಿನ ನಡು ಡಿಸ್ಕಿನ ನಡುವಿಗೆ ಬರುವಂತೆ ಮುಂದಿನ ಕಂಬಿಯ ಬ್ಲಾಕ್ ಮತ್ತು ಹಿಂದಿನ ಗೂಡು ಎರಡನ್ನೂ ಸರಿಸಿ. ಸ್ಟೀಲ್ ಪಟ್ಟಿಯನ್ನು ಅಂಚಿಗೆ ನೇರ ನಿಲ್ಲಿಸಿ, ತುದಿಯೂ ಹಿಮ್ಮಡಿಯೂ ಅಂಚಿನಿಂದ ಒಂದೇ ದೂರ ಇವೆಯೇ ನೋಡಿ. ಹಿಮ್ಮಡಿಯ ಗೂಡು ಬೂಟಿಗಿಂತ ಅಗಲವಾಗಿರುವುದರಿಂದ, ಬೂಟು ಒಳಗಿದ್ದರೂ ಗೂಡಿನ ಮೂಲೆ ಹೊರಗಿರಬಹುದು. ಅದನ್ನೂ ಅಳೆಯಿರಿ, ಹಿಮಕ್ಕೆ ಮೊದಲು ತಗುಲುವುದು ಆ ಮೂಲೆಯೇ.

ಸಾದಾ ಬೈಂಡಿಂಗಿನಲ್ಲಿ ಬಿಗಿತವನ್ನು ಲಿವರ್ ಕೊಡುತ್ತದೆ. ಸ್ಟೆಪ್-ಇನ್‌ನಲ್ಲಿ ಲಿವರ್ ಇಲ್ಲ, ಆ ಬಿಗಿತವೆಲ್ಲ ಉದ್ದದ ಹೊಂದಾಣಿಕೆಯಲ್ಲೇ ಬರಬೇಕು. ತುದಿಯನ್ನು ಕಂಬಿಯಡಿ ತೂರಿಸಿ, ದೇಹದ ಭಾರ ಹಾಕಿ ಹಿಮ್ಮಡಿ ಒತ್ತಿ. ಕೇಳಬೇಕಾದ್ದು ಎರಡು ಕ್ಲಿಕ್, ಅಥವಾ ಎರಡೂ ಒಟ್ಟಿಗೆ ಒಂದು ಗಟ್ಟಿ ಸದ್ದು. ಒತ್ತದೆಯೇ ಬಿದ್ದರೆ ಸಡಿಲ, ಕುಣಿದು ತುಳಿದರೂ ಬೀಳದಿದ್ದರೆ ಬಿಗಿ. ಕೂತ ಮೇಲೆ ಪಕ್ಕದಿಂದ ಬಗ್ಗಿ ನೋಡಿ. ಪಿನ್ನಿನ ದುಂಡು ತುದಿ ಎರಡೂ ಬದಿಯಲ್ಲಿ ಒಂದೇ ಸಮ ಇಣುಕಿರಬೇಕು. ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಮೇಲಕ್ಕೆ, ಪಕ್ಕಕ್ಕೆ ಜಗ್ಗಿ. ಬೆರಳ ಕಡೆ ಕಂಬಿ ಅಲುಗಿದರೆ ಬ್ಲಾಕನ್ನು ಒಂದು ಹಲ್ಲು ಹಿಂದಕ್ಕೆ ತನ್ನಿ. ಬಿಗಿ ಮಾಡಿಟ್ಟರೆ ಬಳಸುತ್ತಾ ಸರಿಹೋಗುತ್ತದೆ ಎಂದು ಬಿಡಬೇಡಿ. ಮನೆಯೊಳಗೆ ಕಷ್ಟಪಟ್ಟು ಕೂತ ಪಿನ್ನು, ಅಡಿಗೆ 2 ಮಿ.ಮೀ. ಹಿಮ ಅಂಟಿದ ದಿನ ಕೂರುವುದೇ ಇಲ್ಲ.

ಇನ್ನೊಂದು ಜೊತೆ ಬೂಟು ಹಾಕಿದ ದಿನ, ಸಂಖ್ಯೆ ಒಂದೇ ಆಗಿದ್ದರೂ, ಇದನ್ನೆಲ್ಲ ಮೊದಲಿನಿಂದ ಮಾಡಬೇಕು.

ಹಿಮದ ಮೇಲೆ ಕೆಡುವುದು

ಅತಿ ಹೆಚ್ಚು ಸಲ ಕೆಡುವುದು ಹಿಮ ತುಂಬಿದ ಗೂಡು. ಒಂದು ಪಕ್ಕದ ರಂಧ್ರದಲ್ಲಿ ಹಿಮ ಗಟ್ಟಿಯಾಗಿ ಕೂತಿದ್ದರೆ ಒಂದು ಪಿನ್ನು ಬಿದ್ದು ಇನ್ನೊಂದು ನಿಲ್ಲುತ್ತದೆ. ಸದ್ದು ಒಂದೇ, ಬೂಟು ಮಾತ್ರ ಕೂತಂತೆ ಕಾಣುತ್ತದೆ. ಲಿಫ್ಟಿನಿಂದಿಳಿದ ಪ್ರತಿ ಸಲ ಗೂಡನ್ನು ಪ್ಲಾಸ್ಟಿಕ್ ಕೆರಕದಿಂದ ಕೆರೆದು, ಬೂಟಿನ ಅಡಿಯನ್ನು ಕಂಬಿಗೆ ಉಜ್ಜಿ, ಒತ್ತಿದ ಮೇಲೆ ಹಿಮ್ಮಡಿ ಜಗ್ಗಿ ನೋಡುವುದು ಅಭ್ಯಾಸವಾಗಬೇಕು. ಸಂದೇಹ ಬಂದರೆ ಬಿಚ್ಚಿ ಮತ್ತೆ ಹಾಕಿ. ಗೂಡಿಗೆ ಸಿಲಿಕೋನ್ ಸ್ಪ್ರೇ ಹೊಡೆದರೆ ಹಿಮ ಅಂಟುವುದು ಕಡಿಮೆಯಾಗುತ್ತದೆ. ಗ್ರೀಸ್ ಬೇಡ, ಧೂಳು ಹಿಡಿದು ಪಿನ್ನನ್ನು ತಿನ್ನುತ್ತದೆ.

ಕೇಬಲ್ ಹರಿದು ಬೂಟು ಬೈಂಡಿಂಗಿನಲ್ಲೇ ಉಳಿದರೆ, ಬಕಲ್ ಬಿಚ್ಚಿ ಕಾಲನ್ನು ಲೈನರ್ ಸಮೇತ ಹೊರಗೆಳೆಯಿರಿ. ಗೂಡಿನ ರಂಧ್ರ ಹೊರಕ್ಕೆ ತೆರೆದಿರುವ ಮಾದರಿಯಾದರೆ ಇಬ್ಬರು ಎರಡು ಸ್ಕ್ರೂಡ್ರೈವರಿನಿಂದ ಎರಡೂ ಪಿನ್ನನ್ನು ಒಟ್ಟಿಗೆ ಒಳಗೊತ್ತಿ ಹಿಮ್ಮಡಿ ಎತ್ತಬಹುದು.  ಹಿಡಿಯ ಬುಡದಲ್ಲಿ ಒಂದೆರಡು ಎಳೆ ಕೂದಲಿನಂತೆ ಎದ್ದು ನಿಂತಾಗಲೇ ಕೇಬಲ್ ಬದಲಿಸಿಬಿಟ್ಟರೆ ಈ ಪರದಾಟ ತಪ್ಪುತ್ತದೆ.

ಕಂಬಿ ಮುರಿಯುವುದು ಅದರ ಬಾಗಿನಲ್ಲಿ, ಬ್ಲಾಕಿನೊಳಗೆ ಹೋಗುವ ಕಡೆ. ಲೋಹ ದಣಿದು ಮುರಿಯುವುದರಿಂದ ಮುನ್ಸೂಚನೆ ಕಡಿಮೆ. ಬೇಸಿಗೆಯಲ್ಲಿ ಕಂಬಿ ಹೊರತೆಗೆದು ಆ ಜಾಗವನ್ನು ಉಗುರಿನಿಂದ ಸವರಿ, ಉಗುರಿಗೆ ಗೆರೆ ಸಿಕ್ಕರೆ ಎಸೆಯಿರಿ. ಭಾರವಾದ ಸವಾರರು ಗೆರೆಗೆ ಕಾಯದೆ ಕೆಲವು ಋತುಗಳಿಗೊಮ್ಮೆ ಬದಲಿಸುವುದು ವಾಸಿ.

ಬೂಟಿನ ಬೆನ್ನಿನ ಓರೆಯನ್ನು ಕೊನೆಗೆ ಹಿಮದ ಮೇಲೇ ಹೊಂದಿಸಬೇಕು. ಹಲವು ಮಾದರಿಗಳಲ್ಲಿ ಐದು ಹಂತ ಇರುತ್ತವೆ. ಮುಂದಿನ ಕಾಲಿಗೆ ಎರಡು, ಹಿಂದಿನದಕ್ಕೆ ನಾಲ್ಕು ಎಂದಿಟ್ಟು ಶುರು ಮಾಡಿ. ಹಿಮ್ಮಡಿ ಬದಿಯ ತಿರುವಿನಲ್ಲಿ ಬೋರ್ಡು ತಡವಾಗಿ ಅಂಚಿಗೆ ಬಂದರೆ ಹಿಂದಿನ ಬೂಟನ್ನು ಒಂದು ಹಂತ ಮುಂದಕ್ಕೆ ಓರೆ ಮಾಡಿ. ಮುಂದಿನ ತೊಡೆ ಉರಿಯುತ್ತಿದ್ದರೆ ಮುಂದಿನ ಬೂಟನ್ನು ಒಂದು ಹಂತ ನೆಟ್ಟಗೆ ಮಾಡಿ. ಬೂಟು ಬೆನ್ನಿಗೆ ಗೋಡೆಯಂತೆ ಗಡಸೆನಿಸಿದರೆ ಬಾಂಬರ್‌ನ ಬಿಟಿಎಸ್‌ನಂಥ ಸ್ಪ್ರಿಂಗ್ ಕಿಟ್ ಹಾಕಬಹುದು. ಆಗ ಹಂತಗಳ ಬದಲು ಸ್ಪ್ರಿಂಗಿನ ಎಳೆತವೇ ಓರೆಯನ್ನು ಹಿಡಿಯುತ್ತದೆ.

ಮೊದಲ ದಿನ ಎರಡು ಇಳಿಜಾರಿನ ನಂತರ ಎಲ್ಲ ಸ್ಕ್ರೂಗಳನ್ನು ಮತ್ತೆ ಬಿಗಿಯಿರಿ, ಡಿಸ್ಕಿನದ್ದೂ ಹಿಮ್ಮಡಿಯದ್ದೂ ಸೇರಿ. ಚಳಿಗೆ ಪ್ಲಾಸ್ಟಿಕ್ ಕುಗ್ಗಿ ಕಾಲು ಸುತ್ತಿನಷ್ಟು ಸಡಿಲ ಸಿಕ್ಕೇ ಸಿಗುತ್ತದೆ. ಜೇಬಿನಲ್ಲಿ 4 ಮಿ.ಮೀ. ಅಲನ್ ಕೀ, ನಾಲ್ಕು ಎಂ6 ಸ್ಕ್ರೂ, ಒಂದು ಕೇಬಲ್, ಒಂದು ಮುಂದಿನ ಕಂಬಿ, ಹಿಮ ಕೆರೆಯುವ ತುಂಡು ಇದ್ದರೆ ಬೆಟ್ಟದ ಮೇಲೇ ಸರಿ ಮಾಡಿಕೊಳ್ಳಬಹುದು.